ಮಾತಾಡಿದವರ ಪಟ್ಟಿ

ನನ್ನ ಬ್ಯಾಗಿನಲ್ಲಿ ಕನ್ನಡಿ ಇಲ್ಲ, ಬಾಚಣಿಗೆ ಇದ್ದರೂ ಬೇಕಾದಾಗ ಸಿಗುವುದಿಲ್ಲ. ಕೈ ಹಾಕಿದರೆ ಖಂಡಿತವಾಗಿ ಸಿಗುವುದು ಸೀಮೆಸುಣ್ಣ. ಅದೂ ಇಡೀ ಕಡ್ಡಿಯಲ್ಲ, ಬೆರಳುಗುರಿನಷ್ಟು ಉಳಿದ ತುಂಡುಗಳು. ಇಪ್ಪತ್ತು ವರ್ಷ ಮೇಷ್ಟ್ರಗಿರಿ ಮಾಡಿದ ಹೆಂಗಸಿನ ಬ್ಯಾಗು ಹೀಗೇ ಇರುತ್ತದೆ. ನನ್ನ ಗಂಡ ಅದರೊಳಗಿಂದ ಬೀಗದ ಕೈ ತೆಗೆದಾಗಲೆಲ್ಲ ಗಿರಣಿಯಿಂದ ಬಂದವರ ಹಾಗೆ ಕೈ ಕೊಡವಿಕೊಳ್ಳುತ್ತಾರೆ.

ಮೊನ್ನೆ ಹೊಸನಗರದಿಂದ ಶಾಲೆಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರಿಗೆ ಚಿಲ್ಲರೆ ಕೊಡುವಾಗ ಐದರ ನಾಣ್ಯದ ಜೊತೆ ಒಂದು ತುಂಡು ಸೀಮೆಸುಣ್ಣವನ್ನೂ ಅವನ ಅಂಗೈಗೆ ಹಾಕಿಬಿಟ್ಟೆ. ಅವನು ನನ್ನ ಹಳೆಯ ಶಿಷ್ಯ. ನಾಣ್ಯ ಜೇಬಿಗಿಳಿಸಿ ಸುಣ್ಣವನ್ನು ಭಕ್ತಿಯಿಂದ ವಾಪಸು ಕೊಟ್ಟ. ತಾನೂ ಏಳನೇ ಕ್ಲಾಸಿನಲ್ಲಿ ಲೀಡರ್ ಆಗಿದ್ದನ್ನು ನೆನಪಿಸಿ, ಬಸ್ಸಿನಲ್ಲಿ ಜನ ಒಟ್ಟಿಗೆ ಗಲಾಟೆ ಮಾಡುವಾಗ ಈಗಲೂ ಹಿಂದಿನ ಗಾಜಿನ ಮೇಲೆ ಹೆಸರು ಬರೆಯೋಣ ಅನ್ನಿಸುತ್ತದೆ ಟೀಚರ್ ಎಂದು ಹೇಳಿ ಮುಂದೆ ಹೋದ. ಹುಂಚದ ಕಡೆಯ ಆ ದಾರಿಯುದ್ದಕ್ಕೂ ನಾನು ಒಬ್ಬಳೇ ನಗುತ್ತ ಕುಳಿತಿದ್ದೆ. ಆಮೇಲೆ ನಗು ನಿಂತಿತು. ಯಾಕೆ ನಿಂತಿತು ಎನ್ನುವುದನ್ನೇ ಈಗ ಹೇಳಲು ಹೊರಟಿದ್ದೇನೆ. ನನಗೆ ನೇರವಾಗಿ ಹೇಳಿ ಅಭ್ಯಾಸವಿಲ್ಲ, ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ನೀವು ಕನ್ನಡ ಶಾಲೆಯಲ್ಲಿ ಓದಿದವರಾದರೆ ಮಾತಾಡಿದವರ ಪಟ್ಟಿಯ ಬಗ್ಗೆ ವಿವರಿಸಬೇಕಿಲ್ಲ. ಒಂದೋ ಬರೆದಿರುತ್ತೀರಿ, ಇಲ್ಲವೋ ಬರೆಸಿಕೊಂಡಿರುತ್ತೀರಿ. ಮೇಷ್ಟ್ರು ಹೊರಗೆ ಹೋದ ಕೂಡಲೇ ಲೀಡರ್ ಎದ್ದು ಬೋರ್ಡಿನ ಎಡಮೂಲೆಯಲ್ಲಿ ಒಂದು ಗೆರೆ ಎಳೆದು, ಅದರಾಚೆ 'ಮಾತಾಡಿದವರು' ಎಂದು ಬರೆದು, ಕಣ್ಣು ಕಿರಿದು ಮಾಡಿ ನಿಂತುಕೊಳ್ಳುವುದು. ತುಟಿ ಅಲ್ಲಾಡಿದವರ ಹೆಸರು ಮೊದಲು, ಮತ್ತೆ ಅಲ್ಲಾಡಿದರೆ ಹೆಸರಿನ ಮುಂದೆ ಒಂದು ಇಂಟು ಮಾರ್ಕು. ಇಂಟು ಹೆಚ್ಚಿದಂತೆ ಶಿಕ್ಷೆಯೂ ಹೆಚ್ಚು. "ನಾನು ಮಾತಾಡ್ಲಿಲ್ಲ" ಎಂದು ವಾದಿಸಿದರೆ ಅದೇ ಮಾತಾಯಿತಲ್ಲ, ಅದಕ್ಕೂ ಒಂದು ಇಂಟು. ಇಷ್ಟು ಕಟ್ಟುನಿಟ್ಟಿನ ಕಾನೂನು ನಮ್ಮ ದೇಶದ ಇನ್ಯಾವ ಕಚೇರಿಯಲ್ಲೂ ಇಲ್ಲ.

ನಾನೂ ಲೀಡರ್ ಆಗಿದ್ದವಳೇ. ಸಾಗರದ ಹತ್ತಿರ, ಕೆಳದಿಯ ಕಡೆಯ ನಮ್ಮೂರ ಶಾಲೆಯಲ್ಲಿ ನಾಲ್ಕನೆಯವರೆಗೆ ಓದಿ, ಐದನೆಯದಕ್ಕೆ ಸಾಗರದ ಪೇಟೆ ಶಾಲೆಗೆ ಬಂದೆ. ಬಂದ ಮೂರನೇ ದಿನ ಮೇಷ್ಟ್ರು ಏನೋ ಪ್ರಶ್ನೆ ಕೇಳಿದರು. ನಾನು ಎದ್ದು ನಿಂತು, ನನಗೆ ಗೊತ್ತಿಲ್ಲ ಅನ್ನುವುದನ್ನು ಮನೆಯಲ್ಲಿ ಹೇಳುವ ಹಾಗೆಯೇ, "ಎಂಗೆ ಗೊತ್ತಿಲ್ಲೆ" ಅಂದೆ. ನಲವತ್ತು ಮಕ್ಕಳು ಒಂದೇ ಸಲ ನಕ್ಕರು. ಆಟದ ಬಯಲಿನಲ್ಲಿ, ನಲ್ಲಿಯ ಹತ್ತಿರ, ಎಲ್ಲಿ ಸಿಕ್ಕರೂ "ಎಂಗೆ ಗೊತ್ತಿಲ್ಲೆ" ಎಂದು ನನ್ನ ಧ್ವನಿಯನ್ನೇ ಅನುಕರಿಸಿ ಹೇಳುತ್ತಿದ್ದರು. ನಾನು ಎರಡು ತಿಂಗಳು ಬಾಯಿ ಬಿಡಲಿಲ್ಲ. ಬಾಯಿ ಬಿಡದ ಹುಡುಗಿ ಬಹಳ ಶಿಸ್ತಿನವಳೆಂದು ತಿಳಿದ ಮೇಷ್ಟ್ರು ಆರನೇ ಕ್ಲಾಸಿನಲ್ಲಿ ನನ್ನನ್ನೇ ಲೀಡರ್ ಮಾಡಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಸೀಮೆಸುಣ್ಣ ಹಿಡಿದೆ. ನಕ್ಕವರ ಹೆಸರು ಒಂದೊಂದಾಗಿ ನನ್ನ ಲೆಕ್ಕದಲ್ಲಿತ್ತು. ಅವರು ಮಾತಾಡಲಿ ಬಿಡಲಿ, ಒಬ್ಬೊಬ್ಬರನ್ನೂ ಬೋರ್ಡಿಗೆ ಏರಿಸಿದೆ, ಇಂಟು ಸಮೇತ.

ಆ ಅಧಿಕಾರ ತಲೆಗೇರಿ ಮನೆಯವರೆಗೂ ಬಂದಿತ್ತು. ಒಂದು ದಿನ ಊಟಕ್ಕೆ ಕೂತಾಗ ತಮ್ಮ ವಟಗುಟ್ಟಿದನೆಂದು ನಾನು ಅವನ ಹೆಸರು ಬರೆಯುತ್ತೇನೆಂದು ಬೆದರಿಸಿದೆ. ಅಮ್ಮ ಬಡಿಸುತ್ತಿದ್ದವಳು ಸೌಟನ್ನು ನನ್ನ ಕಡೆ ತಿರುಗಿಸಿ, "ಇಲ್ಲಿ ಬೋರ್ಡಿಲ್ಲೆ, ಸುಮ್ನೆ ಉಣ್ಣು" ಎಂದಳು. ನನ್ನ ರಾಜ್ಯಭಾರದ ಗಡಿ ಎಲ್ಲಿಗೆ ಮುಗಿಯುತ್ತದೆ ಎಂದು ಅವತ್ತು ಗೊತ್ತಾಯಿತು.

ಈಗ ಕಾಲ ಬದಲಾಗಿದೆ. ನಮ್ಮ ಶಾಲೆಯಲ್ಲಿ ಲೀಡರ್ ಎಂದರೆ ಪ್ರಧಾನಮಂತ್ರಿ. ಮಳೆಗಾಲ ಶುರುವಾಗುತ್ತಿದ್ದಂತೆ ಶಾಲಾ ಸಂಸತ್ತಿಗೆ ಚುನಾವಣೆ ನಡೆಯುತ್ತದೆ. ಮೊಬೈಲೇ ಮತಯಂತ್ರ, ಬೆರಳಿಗೆ ಹಚ್ಚಲು ನನ್ನ ನೇಲ್ ಪಾಲಿಶ್. ತೀರ್ಥಹಳ್ಳಿಯ ಅಂಗಡಿಯಲ್ಲಿ ಮಾಡಿಸಿದ ಬ್ಯಾಡ್ಜುಗಳನ್ನು ಹೆಡ್‌ಮಾಸ್ತರು ಪ್ರಾರ್ಥನೆಯ ಹೊತ್ತಿಗೆ ಚುಚ್ಚುತ್ತಾರೆ, ಚುಚ್ಚುವಾಗ ಪ್ರತಿ ವರ್ಷ ಒಬ್ಬ ಮಂತ್ರಿಯಾದರೂ ಹಾ ಎನ್ನುತ್ತಾನೆ. ಆರೋಗ್ಯ ಮಂತ್ರಿ ಸೋಮವಾರ ಉಗುರು ನೋಡಬೇಕು. ಆಹಾರ ಮಂತ್ರಿ ಬಿಸಿಯೂಟದ ಸಾಲು ನೋಡಿಕೊಳ್ಳಬೇಕು. ನೀರಾವರಿ ಮಂತ್ರಿ ಹೂದೋಟಕ್ಕೆ ನೀರು ಹಾಕಬೇಕು. ನಮ್ಮ ಊರಿನಲ್ಲಿ ಜೂನಿನಿಂದ ಅಕ್ಟೋಬರಿನವರೆಗೆ ಆ ಖಾತೆಯನ್ನು ದೇವರೇ ನೋಡಿಕೊಳ್ಳುವುದರಿಂದ ಸೋಮಾರಿ ಹುಡುಗರೆಲ್ಲ ಅದಕ್ಕೇ ಮುಗಿಬೀಳುತ್ತಾರೆ. ಫೆಬ್ರವರಿಯಲ್ಲಿ ಕೊಡ ಹೊರುವಾಗ ಅವರ ಮುಖ ನೋಡಬೇಕು.

ನಮ್ಮ ಹೆಡ್‌ಮಾಸ್ತರು ಕಡಿಮೆ ಮಾತಿನವರು. ಅವರು ಬಂದ ವರ್ಷ ಒಂದು ಪದ್ಧತಿ ಶುರು ಮಾಡಿದರು. ಮಾರ್ಚಿನಲ್ಲಿ ಪರೀಕ್ಷೆಗೆ ಮುಂಚಿನ ಶನಿವಾರ ಬೆಳಿಗ್ಗೆ ಮಂತ್ರಿಮಂಡಲದವರು ನಮ್ಮ ಕುರ್ಚಿಗಳಲ್ಲಿ ಕೂರಬೇಕು, ನಾವು ಮೂವರು ಶಿಕ್ಷಕರು ಉಳಿದ ಮಕ್ಕಳ ಜೊತೆ ಜಮಖಾನದ ಮೇಲೆ ಕೂರಬೇಕು. ಒಬ್ಬೊಬ್ಬ ಮಂತ್ರಿಯೂ ಎದ್ದು ತನ್ನ ಒಂದು ವರ್ಷ ಹೇಗಿತ್ತೆಂದು ಹೇಳಬೇಕು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಬಂದು ಅವಲಕ್ಕಿ ತಿಂದು ಹೋಗುತ್ತಾರೆ. ನನ್ನ ಮಂಡಿಗೆ ಜಮಖಾನ ಒಗ್ಗುವುದಿಲ್ಲ ಅನ್ನುವುದೊಂದು ಬಿಟ್ಟರೆ ಒಳ್ಳೆಯ ಪದ್ಧತಿ.

ಇದಕ್ಕೆ ನಾನು ಸೇರಿಸಿದ ಪದ್ಧತಿ ಇನ್ನೊಂದಿತ್ತು. ಭಾಷಣಗಳನ್ನು ನಾನೇ ಬರೆದುಕೊಡುತ್ತಿದ್ದೆ. ಮಕ್ಕಳು ಬರೆದು ತರುತ್ತಿದ್ದರು, ನಾನು ತಿದ್ದುತ್ತಿದ್ದೆ, ತಿದ್ದಿ ಮುಗಿದಾಗ ಅವರದ್ದು ಎಂದು ಉಳಿಯುತ್ತಿದ್ದುದು ಕೊನೆಯ ರುಜು ಮಾತ್ರ. ಒಂದು ವರ್ಷ ಆಹಾರ ಮಂತ್ರಿಯಾಗಿದ್ದ ಹುಡುಗ, 'ಎಲ್ಲರಿಗೂ ಬಡಿಸಿದ ಮೇಲೆ ನಾನು ಊಟಕ್ಕೆ ಕೂರುತ್ತಿದ್ದೆ, ಅಷ್ಟು ಹೊತ್ತಿಗೆ ಸಾಂಬಾರಿನಲ್ಲಿ ತರಕಾರಿ ಇರುತ್ತಿರಲಿಲ್ಲ, ವರ್ಷವಿಡೀ ನಾನು ತಿಳಿ ಉಂಡಿದ್ದೇನೆ' ಎಂದು ಬರೆದಿದ್ದ. ನಾನು ಅದನ್ನು ಹೊಡೆದುಹಾಕಿ 'ಆಹಾರ ವಿತರಣೆಯಲ್ಲಿ ಶಿಸ್ತನ್ನು ಕಾಪಾಡಿದ ಅವಿಸ್ಮರಣೀಯ ಅನುಭವ' ಎಂದು ಮಾಡಿದೆ. ಪಾಪ, ಅವನು ಅವಿಸ್ಮರಣೀಯದ ಹತ್ತಿರ ಮೂರು ಸಲ ಎಡವಿದ. ಜನ ಚಪ್ಪಾಳೆ ತಟ್ಟಿದರು. ನನಗೆ ನನ್ನ ಭಾಷೆಯ ಬಗ್ಗೆ ಹೆಮ್ಮೆಯೇ ಆಗಿತ್ತು.

ಹೋದ ವರ್ಷ ಪ್ರಧಾನಿಯಾಗಿದ್ದವಳು ಏಳನೇ ಕ್ಲಾಸಿನ ಮಾನ್ಯ. ಎತ್ತರದ ಹುಡುಗಿ, ಎರಡು ಜಡೆ, ಕೆಲಸದಲ್ಲಿ ಚುರುಕು, ನಗುವುದು ಸ್ವಲ್ಪ ಕಡಿಮೆ. ಅದೇ ವರ್ಷ ಐದನೇ ಕ್ಲಾಸಿಗೆ ರೇಣುಕಾ ಎಂಬ ಹೊಸ ಹುಡುಗಿ ಬಂದಿದ್ದಳು. ಅವಳ ಅಪ್ಪ ಗದಗಿನ ಕಡೆಯವರು, ಗಾರೆ ಕೆಲಸಕ್ಕೆ ಸಂಸಾರ ಸಮೇತ ನಮ್ಮ ಕಡೆ ಬಂದಿದ್ದರು. ಮೊದಲ ವಾರ ನಾನು ಪುಸ್ತಕ ಎಲ್ಲಿ ಎಂದು ಕೇಳಿದೆ. "ಮನ್ಯಾಗ ಐತ್ರಿ" ಅಂದಳು. ಕ್ಲಾಸು ನಕ್ಕಿತು. ಈ ಮಾತನ್ನು ಹಾರಿಸಿಬಿಡಲು ನನಗೆ ಆಸೆಯಿದೆ, ಆದರೂ ಹೇಳುತ್ತೇನೆ, ನಾನೂ ನಕ್ಕೆ. ಕೆಟ್ಟ ಮನಸ್ಸಿನಿಂದಲ್ಲ. ಆದರೆ ನಗುವಿನ ಹಿಂದಿನ ಮನಸ್ಸು ಹತ್ತು ವರ್ಷದ ಹುಡುಗಿಗೆ ಹೇಗೆ ಕಾಣಬೇಕು?

ಅಲ್ಲಿಂದ ರೇಣುಕಾ ಮಾತು ನಿಲ್ಲಿಸಿದಳು. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು. ಕೇಳಿದ್ದಕ್ಕೆ ತಲೆ ಅಲ್ಲಾಡಿಸುತ್ತಿದ್ದಳು, ನೋಟ್ಸು ಮುತ್ತಿನ ಹಾಗೆ ಬರೆಯುತ್ತಿದ್ದಳು. ಅವಳ ಅಮ್ಮನನ್ನು ಕೇಳಿದರೆ ಮನೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲ ಎಂದರು. ಕನ್ನಡ ಪಾಠವನ್ನು ನಾನು ಒಬ್ಬೊಬ್ಬರಿಂದ ಸರದಿಯ ಮೇಲೆ ಗಟ್ಟಿಯಾಗಿ ಓದಿಸುತ್ತೇನೆ. ರೇಣುಕಾಳ ಸರದಿ ಬಂದಾಗ ಅವಳನ್ನು ದಾಟಿ ಪಕ್ಕದವಳನ್ನು ಕರೆಯುತ್ತಿದ್ದೆ. ಪಾಪ, ಅವಳಿಗೆ ಮುಜುಗರವಾಗುವುದು ಬೇಡ ಎಂದುಕೊಂಡು. ನನಗಿಂತ ಚೆನ್ನಾಗಿ ಆ ಸಂಕಟ ಯಾರಿಗೆ ಗೊತ್ತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೂ ಉಂಟು.

ದೀಪಾವಳಿ ರಜೆ ಮುಗಿದ ವಾರ. ಒಬ್ಬ ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ ಐದು, ಆರು, ಏಳು ಮೂರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದೆ. ಶಿಕ್ಷಣ ಇಲಾಖೆಯ ಆಫೀಸಿನಿಂದ ಹಾಜರಿಯ ಮಾಹಿತಿ ಕೂಡಲೇ ಆ್ಯಪಿಗೆ ಏರಿಸಬೇಕೆಂದು ಸ್ಟಾಫ್ ರೂಮಿನ ಲ್ಯಾಂಡ್‌ಲೈನಿಗೆ ಫೋನು ಬಂತು. ನಮ್ಮ ಶಾಲೆಯಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುವುದು ಧ್ವಜಕಟ್ಟೆಯ ಮೇಲೆ ಮಾತ್ರ, ಅದೂ ಪೂರ್ವಕ್ಕೆ ಮುಖ ಮಾಡಿ ನಿಂತರೆ. ಮಾನ್ಯಳ ಕೈಗೆ ಸೀಮೆಸುಣ್ಣ ಕೊಟ್ಟು, ಮಾತಾಡಿದವರ ಹೆಸರು ಬರೆದಿಡು ಎಂದು ಹೇಳಿ ನಾನು ಧ್ವಜಕಟ್ಟೆ ಹತ್ತಿದೆ. ಓಟಿಪಿ ಬರಲಿಲ್ಲ. ಮತ್ತೆ ಕಳಿಸಿದೆ, ಬರಲಿಲ್ಲ. ಅರ್ಧ ಗಂಟೆ ಬಿಸಿಲಿಗೆ ನಿಂತು ಸಿಟ್ಟು ನೆತ್ತಿಗೇರಿಸಿಕೊಂಡು ಒಳಗೆ ಬಂದರೆ ಬೋರ್ಡಿನ ಮೂಲೆಯಲ್ಲಿ ಐದು ಹೆಸರಿದ್ದವು. ಹೆಸರು ಓದುವ ತಾಳ್ಮೆಯೂ ನನಗಿರಲಿಲ್ಲ. ಪಟ್ಟಿಯಲ್ಲಿ ಇರುವವರೆಲ್ಲ ಎದ್ದು ಜಗಲಿಯಲ್ಲಿ ನಿಲ್ಲಿ, ಬೆಲ್ಲು ಹೊಡೆಯುವವರೆಗೆ ಒಳಗೆ ಬರಬೇಡಿ ಎಂದೆ. ಐವರು ಎದ್ದು ಹೋದರು, ಯಾರ್ಯಾರೆಂದು ನಾನು ತಿರುಗಿಯೂ ನೋಡಲಿಲ್ಲ. ನಾನು ಬೋರ್ಡು ಒರೆಸಿ ಭಿನ್ನರಾಶಿ ಶುರು ಮಾಡಿದೆ.

ಇಷ್ಟು ನನಗೆ ನೆನಪಿತ್ತು, ಅದೂ ಓಟಿಪಿಯ ದೆಸೆಯಿಂದ. ಉಳಿದದ್ದು ಗೊತ್ತಾಗಿದ್ದು ಮಾರ್ಚಿನಲ್ಲಿ, ಆ ಶನಿವಾರಕ್ಕೆ ಒಂದು ದಿನ ಮುಂಚೆ. ಮಂತ್ರಿಗಳೆಲ್ಲ ಭಾಷಣ ತಿದ್ದಿಸಿಕೊಂಡು ಹೋಗಿದ್ದರು, ಮಾನ್ಯ ಮಾತ್ರ ಬಂದಿರಲಿಲ್ಲ. ನಾನೇ ಕರೆದು ಕೇಳಿದೆ, ಸ್ವಲ್ಪ ಮುನಿಸಿನಿಂದಲೇ. ಅವಳು ಸ್ಟಾಫ್ ರೂಮಿನ ಬಾಗಿಲು ಹಿಡಿದು ನಿಂತು, ತನಗೆ ಬರೆದುಕೊಡುವುದು ಬೇಡ, ತಾನು ಒಂದು ತಪ್ಪು ಮಾಡಿದ್ದೇನೆ, ಅದನ್ನು ಹೇಳಬೇಕು ಎಂದಳು. ಏನದು ಎಂದೆ. ಅವತ್ತಿನ ಐದನೇ ಹೆಸರು ರೇಣುಕಾಳದ್ದು ಎಂದಳು.

ನಡೆದದ್ದು ಇಷ್ಟು. ಮಾನ್ಯ ಬೋರ್ಡಿಗೆ ಮುಖ ಮಾಡಿ ನಾಲ್ಕನೇ ಹೆಸರು ಬರೆಯುತ್ತಿದ್ದಾಗ ಮುಂದಿನ ಸಾಲಿನಿಂದ ಯಾರೋ ಮೆಲ್ಲಗೆ, "ಅಕ್ಕಾ, ನಿನ್ನ ರಿಬ್ಬನ್ ಬಿಚ್ಚೇತಿ" ಅಂದರು. ತಿರುಗಿ ನೋಡಿದರೆ ರೇಣುಕಾ. ಆ ಮೊದಲ ವಾರದ ನಂತರ ಐದು ತಿಂಗಳಲ್ಲಿ ಶಾಲೆಯಲ್ಲಿ ಅವಳಾಡಿದ ಮೊದಲ ಮಾತು. ಹಿಂದಿನ ಬೆಂಚಿನವರು ಆ ಮಾತಿಗೂ ನಕ್ಕರು, ಪ್ರಧಾನಿಯ ಬಿಚ್ಚಿದ ಜಡೆಗೂ ನಕ್ಕರು. ಮಾನ್ಯಳಿಗೆ ಅವಮಾನವಾಯಿತು. ಅವಳು ಮತ್ತೆ ಬೋರ್ಡಿಗೆ ತಿರುಗಿ ಐದನೇ ಹೆಸರು ಬರೆದಳು. ಮಾತಾಡಿದ್ದು ಹೌದಲ್ಲ, ಕಾನೂನು ಕಾನೂನೇ.

"ಟೀಚರ್, ಅವ್ಳು ಹೊರಗೆ ಹೋಗುವಾಗ ನನ್ನ ನೋಡಿದ್ಲು. ಅವತ್ತಿಂದ ಅವ್ಳು ನನ್ನ ಹತ್ರ ಮಾತಾಡೋದು ಇರ್ಲಿ, ನೋಡೋದೂ ಇಲ್ಲ" ಎಂದಳು ಮಾನ್ಯ. ಮಧ್ಯಾಹ್ನದ ಸಾಲಿನಲ್ಲಿ ಎಷ್ಟೋ ಸಲ ಕ್ಷಮೆ ಕೇಳಲು ಹೋಗಿ ವಾಪಸು ಬಂದಿದ್ದನ್ನೂ ಹೇಳಿದಳು. ಹೆಸರು ಬರೆದದ್ದು ಎಲ್ಲರ ಎದುರಿಗೆ, ಹಾಗಾಗಿ ಗುಟ್ಟಾಗಿ ಕ್ಷಮೆ ಕೇಳಿದರೆ ಸರಿಹೋಗುವುದಿಲ್ಲ ಎಂಬುದು ಅವಳ ಲೆಕ್ಕ.

ನಾನು ಏನು ಹೇಳಬೇಕಿತ್ತು? ಹೇಳಿದ್ದು ಬೇರೆಯೇ. ಒಳ್ಳೆಯ ದಿನ, ಅಧ್ಯಕ್ಷರು ಬರುತ್ತಾರೆ, ನಿನ್ನ ತಂದೆತಾಯಿಯೂ ಬರಬಹುದು, ನಾಲ್ಕು ಚೆಂದದ ಮಾತಾಡಿ ಕೂತುಕೋ ಮಾರಾಯ್ತಿ ಎಂದೆ. ಆ ಹುಡುಗಿಗೂ ಮುಜುಗರ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನದು ಅದೇ ಸ್ಥಿತಿ. ಹೆಸರು ಬರೆದವಳು ಮಾನ್ಯ, ಓದದೆ ಹೊರಗೆ ನಿಲ್ಲಿಸಿದವಳು ನಾನು. ಅವಳ ಕತೆ ಸಭೆಗೆ ಬಂದರೆ ನನ್ನದೂ ಬಂದ ಹಾಗೆಯೇ.

ಮಾನ್ಯ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಸೋಮವಾರದಿಂದ ಪರೀಕ್ಷೆ, ಆಮೇಲೆ ನಾನು ಹೈಸ್ಕೂಲಿಗೆ ಹೋಗ್ತೀನಿ. ನಾಳೆ ಹೇಳ್ದಿದ್ರೆ ಇನ್ಯಾವತ್ತು ಹೇಳೋದು ಟೀಚರ್?" ಎಂದಳು. ನಿನ್ನ ಇಷ್ಟ ಎಂದು ಕಳಿಸಿದೆ.

ಶನಿವಾರ ಬೆಳಿಗ್ಗೆ ಮಂತ್ರಿಗಳು ನಮ್ಮ ಕುರ್ಚಿಗಳಲ್ಲಿ ಕಾಲು ನೆಲಕ್ಕೆ ತಾಗದೆ ಕೂತರು. ನಾನು ಜಮಖಾನದ ಮೇಲೆ, ಐದನೇ ಕ್ಲಾಸಿನ ಹಿಂದೆ ಕೂತೆ. ನನ್ನ ಮುಂದೆ ಎರಡನೇ ಸಾಲಿನಲ್ಲಿ ರೇಣುಕಾಳ ಎಣ್ಣೆ ಹಚ್ಚಿದ ತಲೆ ಕಾಣುತ್ತಿತ್ತು. ನೀರಾವರಿ ಮಂತ್ರಿ, ಆರೋಗ್ಯ ಮಂತ್ರಿ, ಎಲ್ಲರೂ ನಾನು ಬರೆದುಕೊಟ್ಟದ್ದನ್ನೇ ಓದಿದರು. ನಾಲ್ಕು ಅವಿಸ್ಮರಣೀಯಗಳಾದ ಮೇಲೆ ಐದನೆಯದಕ್ಕೆ ಅಧ್ಯಕ್ಷರು ಆಕಳಿಸಿದರು. ಕೊನೆಗೆ ಮಾನ್ಯ ಎದ್ದಳು. ಕೈಯಲ್ಲಿ ಚೀಟಿ ಇರಲಿಲ್ಲ.

ಅವಳು ಭಾಷಣ ಮಾಡಲಿಲ್ಲ. ರಿಬ್ಬನ್ನಿನ ಕತೆಯನ್ನು ಇದ್ದ ಹಾಗೆ ಹೇಳಿದಳು. ನಡುವೆ ಒಮ್ಮೆ ನೀರು ಕುಡಿದು ಮುಂದುವರಿಸಿದಳು. ಕೊನೆಗೆ ಎರಡನೇ ಸಾಲಿನ ಕಡೆ ನೋಡಿ, "ರೇಣುಕಾ, ನೀನು ನಂಗೆ ಉಪಕಾರ ಮಾಡಿದ್ದೆ. ನಾನು ನಿನ್ನ ಹೆಸರು ಬರ್ದೆ. ಈ ವರ್ಷ ನಾನು ತುಂಬಾ ಕೆಲ್ಸ ಮಾಡಿದೀನಿ, ನಂಗೆ ನೆನಪಿರೋದು ಇದೊಂದೇ. ತಪ್ಪಾಯ್ತು" ಎಂದು ಹೇಳಿ ಕೂತಳು.

ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸುತ್ತಿದ್ದರು. ಹನ್ನೆರಡು ವರ್ಷದ ಹುಡುಗಿ ಎದ್ದು ಹೇಳಿದ್ದಾಳೆ, ಅವಳಿಗೆ ಪಾಠ ಹೇಳುವವಳು ಕೂತೇ ಇದ್ದಾಳೆ. ಮಂಡಿ ಹಿಡಿದುಕೊಂಡು ಎದ್ದೆ. ಹೊರಗೆ ನಿಲ್ಲಿಸಿದವಳು ನಾನು, ಹೆಸರು ಸಹ ಓದದೆ ನಿಲ್ಲಿಸಿದೆ, ಮಾನ್ಯಳಿಗಿಂತ ನನ್ನ ತಪ್ಪು ದೊಡ್ಡದು ಎಂದೆ. ಅಷ್ಟಕ್ಕೇ ಕೂರಬಹುದಿತ್ತು. ಕೂರದೆ ಸಾಗರದ ಶಾಲೆಯಲ್ಲಿ ನಾನು "ಎಂಗೆ ಗೊತ್ತಿಲ್ಲೆ" ಎಂದದ್ದನ್ನೂ ಹೇಳಿದೆ. ಮಕ್ಕಳು ಗೊಳ್ಳೆಂದು ನಕ್ಕರು, ಅಧ್ಯಕ್ಷರೂ ನಕ್ಕರು. ಅಷ್ಟು ವರ್ಷಗಳ ಮೇಲೂ ಕಿವಿ ಬಿಸಿಯಾಯಿತು. ಅದಕ್ಕೇ ರೇಣುಕಾ, ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ ಎಂದೆ. ಅಲ್ಲಿಗೆ ನನ್ನ ಪ್ರಾಯಶ್ಚಿತ್ತ ಮುಗಿಯಿತೆಂದು ನನಗನ್ನಿಸಿತ್ತು.

ರೇಣುಕಾ ಎದ್ದು ನಿಂತಳು. ಯಾರೂ ಹೇಳಿರಲಿಲ್ಲ. ಮೊದಲು ಮಾನ್ಯಳ ಕಡೆ ನೋಡಿ, "ನನಗ ಸಿಟ್ಟಿಲ್ಲಕ್ಕಾ. ನಾ ಮಾತಾಡಿದ್ದು ಖರೇ ಐತಿ" ಎಂದಳು. ಧ್ವನಿ ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. ಮಾನ್ಯ ಕುರ್ಚಿಯಲ್ಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಾನು ಇನ್ನೇನು ಕಣ್ಣು ಒರೆಸಿಕೊಳ್ಳಬೇಕು, ಅಷ್ಟರಲ್ಲಿ ರೇಣುಕಾ ನನ್ನ ಕಡೆ ತಿರುಗಿದಳು.

"ಟೀಚರ್, ದಿನಾ ಎಲ್ಲಾರಿಗೂ ಓದಾಕ ಹಚ್ಚತಿದ್ರಿ. ನನ್ನ ಒಮ್ಮೆನೂ ಯಾಕ ಕರೀಲಿಲ್ರಿ?"

ಸಿಟ್ಟಿನಿಂದ ಕೇಳಿದ್ದಲ್ಲ. ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಿದಳು. ಮನೆಯಲ್ಲಿ ಪ್ರತಿ ಪಾಠವನ್ನೂ ಓದಿ ರೂಢಿ ಮಾಡಿಕೊಂಡು ಬರುತ್ತಿದ್ದಳಂತೆ, ಇವತ್ತು ಕರೆಯುತ್ತಾರೆ, ನಾಳೆ ಕರೆಯುತ್ತಾರೆ ಎಂದು. ಜಗಲಿಯಲ್ಲಿ ನಿಂತದ್ದನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲವೋ ಏನೋ. ವರ್ಷವಿಡೀ ನಾನು ಅವಳನ್ನು ದಾಟಿ ಪಕ್ಕದವಳನ್ನು ಕರೆದದ್ದು ಮಾತ್ರ ಒಂದೊಂದೂ ನೆನಪಿತ್ತು. ನಾನು ಯಾವುದನ್ನು ಕರುಣೆ ಎಂದುಕೊಂಡಿದ್ದೆನೋ ಅದಕ್ಕೆ ಅವಳು ಇಟ್ಟ ಹೆಸರೇನೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹೆಡ್‌ಮಾಸ್ತರು ಎದ್ದು ಹೋಗಿ ಕಪಾಟಿನಿಂದ ಐದನೆಯ ತರಗತಿಯ ಕನ್ನಡ ಪುಸ್ತಕ ತಂದು ನನ್ನ ಕೈಗೆ ಕೊಟ್ಟರು. ನಾನು ಕೊನೆಯ ಪಾಠ ತೆಗೆದು ಅವಳ ಹತ್ತಿರ ಹೋಗಿ, ಈಗ ಓದುತ್ತೀಯಾ ಎಂದು ಕೇಳಿದೆ. ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ತನ್ನೂರಿನ ರಾಗದಲ್ಲಿ ಮಾತುಗಳನ್ನು ಎಳೆದೆಳೆದು ಓದತೊಡಗಿದಳು. ಯಾರೂ ನಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹಿಂದಿನಿಂದ ಇಬ್ಬರು ನಕ್ಕರು.

ರೇಣುಕಾ ತಲೆ ಎತ್ತಿ ಅವರನ್ನು ನೋಡಿದಳು. ಬೆರಳನ್ನು ಸಾಲಿನ ಮೇಲಿಟ್ಟುಕೊಂಡು ಅವರ ನಗು ಮುಗಿಯುವವರೆಗೆ ಕಾದಳು. ಮುಗಿದ ಮೇಲೆ, ಮುಂದಿನ ಸಾಲು ಓದಿದಳು.